ಕೈತೊಳೆಯುವ ಬೇಸಿನ್ನಿನ ಪಕ್ಕದ ಡ್ರಾ

೧

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಅಲ್ಲ, ಬೇಡ, ಹೇಳಬೇಡಿ. ನೀವು ನನಗಿಂತ ಚಲೋ ಹೇಳಿಬಿಟ್ಟರೆ ಆಮೇಲೆ ನನಗೆಂತ ಕೆಲಸ?

ಮೊದಲ ಡ್ರಾಫ್ಟು ಹೀಗಿತ್ತು: "ಆ ಮೌನ ರಣರಂಗದಲ್ಲಿ ಎರಡು ಬದುಕುಗಳು ಎದುರುಬದುರಾದವು." ಬರೆದು ಚಾ ಕುಡಿದು ಬಂದು ಓದಿದೆ. ನಾಚಿಕೆಯಾಯಿತು. ಮೌನವೂ ಇರಲಿಲ್ಲ, ರಣರಂಗವೂ ಇರಲಿಲ್ಲ. ಇದ್ದದ್ದು ಹೊನ್ನಾವರದ ಒಂದು ಕಲ್ಯಾಣ ಮಂಟಪ. ಮುಂಚಿನ ದಿನ ಅಲ್ಲಿ ಮದುವೆಯಾಗಿತ್ತು. ವೇದಿಕೆಯ ಹಿಂದೆ ಥರ್ಮಾಕೋಲಿನ ಅಕ್ಷರಗಳಲ್ಲಿ 'ವಿಘ್ನೇಶ್ವರ ವೆಡ್ಸ್ ಹೇಮಾ' ಇನ್ನೂ ಹಾಗೇ ಇತ್ತು, ಅದರ ಕೆಳಗೆ ನಮ್ಮ ಬ್ಯಾನರು: 'ಮುಕ್ತ ಚದುರಂಗ ಸ್ಪರ್ಧೆ'. ಅಡುಗೆಮನೆಯಿಂದ ಬನ್ಸ್ ಕರಿಯುವ ವಾಸನೆ. ಪ್ರತಿಯೊಂದು ನಡೆಗೂ ಕಿರುಗುಟ್ಟುವ ಪ್ಲಾಸ್ಟಿಕ್ ಕುರ್ಚಿಗಳು.

(ಈ ಕಥೆಯಲ್ಲಿ ಆಡಿದವರಲ್ಲಿ ಒಬ್ಬರು ಭಟ್ಕಳ ಕಡೆಯವರು, ಒಬ್ಬರು ಕುಮಟೆಯವರು, ನಡುವೆ ಹೊನ್ನಾವರ, ಕಣ್ಣು ಮುಚ್ಚಿ ಅಳೆದರೆ ಇಬ್ಬರಿಗೂ ಅರ್ಧರ್ಧ ದಾರಿ, ಡ್ರಾ ಅಂದರೆ ಅರ್ಧರ್ಧ ಅಂಕ. ಇದು ಎಂಥ ಸಂಕೇತ ಎಂದು ಯಾರಾದರೂ ಬರೆಯಲಿ ಎಂಬ ಆಸೆ ನನಗೂ ಇತ್ತು. ನಿಜ ಸಂಗತಿ ಏನೆಂದರೆ ಆ ಹಾಲ್ ಖಾಲಿ ಇತ್ತು, ಅಷ್ಟೇ.)

ನಾನೂ ಆ ಸ್ಪರ್ಧೆಯಲ್ಲಿ ಆಡಿದವನೇ. ಸಂತೆಗುಳಿ ಕಡೆಯವನು, ಸೊಸೈಟಿಯಲ್ಲಿ ಕೆಲಸ, ಬಿಡುವಿನಲ್ಲಿ ಕಥೆ. ಇಡೀ ಸ್ಪರ್ಧೆಯಲ್ಲಿ ನನಗೆ ಒಂದೇ ಗೆಲುವು, ಅದೂ ಕೊನೆಯ ಸುತ್ತಿನಲ್ಲಿ. ಎದುರಾಳಿ ಬರಲಿಲ್ಲ. ಖಾಲಿ ಕುರ್ಚಿಯನ್ನು ಸೋಲಿಸಿ ಕೂತಿದ್ದೆನಾದ್ದರಿಂದ ಪಕ್ಕದ ಟೇಬಲ್ಲಿನ ಆಟವನ್ನು ಪೂರ್ತಿ ನೋಡಲು ಸಿಕ್ಕಿತು. ಪಕ್ಕದ ಟೇಬಲ್ಲೆಂದರೆ ಕೊನೆಯದು, ಕೈತೊಳೆಯುವ ಬೇಸಿನ್ನಿಗೆ ತಾಗಿದ್ದು. ಇದರಿಂದ ನಿಮಗೆ ಅಲ್ಲಿದ್ದವರ ಸ್ಥಾನಮಾನ ಗೊತ್ತಾಗಿರಬೇಕು. ಯಾರು ಗೆದ್ದರೂ ಕಪ್ಪಿಲ್ಲ, ಫೋಟೋ ಇಲ್ಲ.

೧ (ಮತ್ತೊಮ್ಮೆ)

ಸುಚಿತಾ ಕುಮಟೆಯಿಂದ ಬಸ್ಸಿಗೆ ಬಂದಿದ್ದಳು. ಅಲ್ಲೊಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಸೂಜಿ ಚುಚ್ಚುವಾಗ ಮಾತಾಡಿಸುತ್ತ ಮಾತಾಡಿಸುತ್ತ ನೋವೇ ಗೊತ್ತಾಗದ ಹಾಗೆ ಮುಗಿಸುತ್ತಾಳೆ ಎಂದು ಹೆಸರು. ನಲವತ್ತರ ಹತ್ತಿರದ ಹೆಂಗಸು. ಗಂಡ ನರೇಶನಿಗೆ ಚೆಸ್ ಅಂದರೆ ಆಕಳಿಕೆ. ಅವಳು ಫೋನಿನಲ್ಲಿ ಆಡುತ್ತ, ಆಪ್‌ನಿಂದಲೇ ಕಲಿಯುತ್ತ, ಮೊದಲ ಸಲ ಹೀಗೊಂದು ಸ್ಪರ್ಧೆಗೆ ಹೆಸರು ಕೊಟ್ಟಿದ್ದಳು.

ಕೊನೆಯ ಸುತ್ತಿಗೆ ಯಾರಿಗೆ ಯಾರು ಎಂದು ಗೋಡೆಗೆ ಹಚ್ಚಿದ್ದನ್ನು ಓದಿ ಅವಳು ನಿಂತಲ್ಲೇ ನಿಂತಳು. ಅವಳಿಗೆ ಎದುರು: ದಾಸ ನಾಯ್ಕ, ಬೆಳಕೆ.

ಭಟ್ಕಳದ ಹತ್ತಿರದ ಬೆಳಕೆ ಅವಳ ತವರು. ದಾಸಣ್ಣ ಅವಳಿಗೆ ಚದುರಂಗ ಕಲಿಸಿದವನು. ಮತ್ತೆ, ಹೇಳಿಯೇ ಬಿಡುತ್ತೇನೆ, ಗುಟ್ಟು ಇಟ್ಟುಕೊಂಡು ಕಥೆ ಎಳೆಯುವ ತಾಕತ್ತು ನನಗಿಲ್ಲ: ಅವಳಿಗೆ ಅವನ ಮೇಲೆ ಸಿಟ್ಟಿತ್ತು. ಒಂದು ಸಲ, ಒಂದೇ ಒಂದು ಸಲ ಅವನನ್ನು ಸೋಲಿಸಬೇಕು ಎಂಬುದು ಅವಳ ಹಳೆಯ ಹಟ. ಬಹುಮಾನ ಯಾರಿಗೆ ಬೇಕು? ದಾಸಣ್ಣನ ರಾಜ ಮಗುಚಿ ಬೀಳಬೇಕು, ಅವಳು ನೋಡಬೇಕು.

೨

ಸಿಟ್ಟು ಎಂತಕ್ಕೆ ಅಂದರೆ.

ಬೆಳಕೆಯಲ್ಲಿ ಎರಡು ಮನೆಗಳ ನಡುವೆ ಒಂದು ಬೇಲಿ. ಬೇಲಿಯಲ್ಲಿ ಮಕ್ಕಳು ನುಸುಳುವಷ್ಟು ಕಂಡಿ. ದಾಸಣ್ಣನಿಗೆ ಭಟ್ಕಳ ಪೇಟೆಯಲ್ಲಿ ಸೈಕಲ್ ಅಂಗಡಿ. ಶುಕ್ರವಾರ ಅಂಗಡಿಗೆ ರಜೆ. ಹಾಗಾಗಿ ಶುಕ್ರವಾರ ಶಾಲೆ ಬಿಟ್ಟ ಕೂಡಲೇ ಸುಚಿತಾ ಚೀಲ ಎಸೆದು, ಕಂಡಿಯಲ್ಲಿ ನುಸುಳಿ ದಾಸಣ್ಣನ ಜಗಲಿಗೆ ಹೋಗಿ ಕೂತುಬಿಡುತ್ತಿದ್ದಳು. ಅಲ್ಲಿ ಮಣೆ ಸಿದ್ಧ. ಒಂದು ಕುದುರೆ ಯಾವಾಗಲೋ ಕಳೆದುಹೋಗಿ ಅದರ ಜಾಗದಲ್ಲಿ ಸೈಕಲ್ಲಿನ ಒಂದು ದಪ್ಪ ನಟ್ಟು. ನಟ್ಟು ಯಾರ ಪಾಲಿಗೆ ಬಂತೋ ಅವರು ಸೋತಾಗ 'ಎಂಥ ಮಾಡೂದು, ನನ್ನ ಕುದ್ರೆಗೆ ಕಾಲೇ ಇಲ್ಲ' ಎನ್ನುವುದು ರೂಢಿ.

ಆ ಜಗಲಿಯ ಚದುರಂಗಕ್ಕೆ ಅದರದೇ ಕಾನೂನು. ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ. ರಾಜನನ್ನು ಆನೆಯ ಬದಿಗೆ ಸರಿಸಿ ಕೋಟೆ ಕಟ್ಟುವುದು ಎಂಬುದೇ ಇಲ್ಲ. ಅದರ ಬದಲು ಆಟದಲ್ಲಿ ಒಂದು ಸಲ ರಾಜ ಕುದುರೆಯ ಹಾಗೆ ಹಾರಬಹುದು, ಅಲ್ಲಿಯ ತನಕ ಚೆಕ್ ಬಿದ್ದಿರಬಾರದು ಅಷ್ಟೇ. ದಾಸಣ್ಣನಿಗೆ ಅವನ ಅಜ್ಜ ಕಲಿಸಿದ್ದು ಹಾಗೆ. ಇಡೀ ಜಗತ್ತೇ ಹೀಗೆ ಆಡುತ್ತದೆ ಎಂದು ಸುಚಿತಾ ನಂಬಿದ್ದಳು. ಅವನ ರಾಜ ಹಾರಿತೋ, ಬೇಕಿರಲಿ ಬೇಡದಿರಲಿ ಇವಳೂ ತನ್ನ ರಾಜನನ್ನು ಎತ್ತಿ ಹಾರಿಸುವಳು. "ನಿಂದು ಹಾರ್ತಾ? ನಂದೂ ಹಾರ್ತು!" ಎಂದು ಕೂಗಿ, ಮರು ನಡೆಯಲ್ಲಿ ಮಂತ್ರಿಯನ್ನು ಕಳೆದುಕೊಳ್ಳುವಳು.

ಒಂದು ಸಲವೂ ಗೆಲ್ಲಲಿಲ್ಲ. ಮಕ್ಕಳಲ್ಲವಾ ಎಂದು ಸೋತು ಕೊಡುವವರ ಪೈಕಿ ಅಲ್ಲ ದಾಸಣ್ಣ.

ಅವಳು ದೊಡ್ಡವಳಾದ ವರ್ಷ ಅವ್ವಿ ಒಂದು ದಿನ ಹೇಳಿದರು, "ಇನ್ನು ಆ ಜಗಲಿ ಮೇಲೆ ಕೂತ್ಕಂಡು ಆಡೂದು ಬೇಡ. ನೋಡ್ದವ್ರು ಎಂತ ಹೇಳೂದಿಲ್ಲ?" ಅಷ್ಟೇ. ಶುಕ್ರವಾರ ಬಂತು. ಸುಚಿತಾ ಬೇಲಿಯ ಈಚೆ ನಿಂತಳು. ದಾಸಣ್ಣ ಕಾಯಿಗಳನ್ನೆಲ್ಲ ಜೋಡಿಸಿಕೊಂಡು ಕೂತಿದ್ದ. ತಲೆ ಎತ್ತಿದ, ಅವಳನ್ನು ಕಂಡ. ಕರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಮಣೆ ಎತ್ತಿಕೊಂಡು ಒಳಗೆ ಹೋದ.

ಅವ್ವಿಯ ಮೇಲಿನ ಸಿಟ್ಟು ಇಳಿಯಿತು. ಅವ್ವಿಯಂದಿರು ಹಾಗೆಯೇ. ದಾಸಣ್ಣನ ಮೇಲಿನದು ಇಳಿಯಲಿಲ್ಲ. ಕರೆದರೂ ಹೋಗಲು ಬಿಡುತ್ತಿರಲಿಲ್ಲ, ಆ ಮಾತು ಬೇರೆ. ಕರೆಯಬೇಕಿತ್ತು. ತಾನು ಬರದಿದ್ದರೆ ಅವನಿಗೆ ಏನೂ ಕಮ್ಮಿಯಾಗುವುದಿಲ್ಲವಾ? ಮದುವೆಯಾಗಿ ಕುಮಟೆಗೆ ಹೋದಳು, ತವರಿಗೆ ಬಂದುಹೋದಳು, ಬೇಲಿ ಹೋಗಿ ಕಂಪೌಂಡಾಯಿತು. ಕಂಡರೆ ಇಬ್ಬರೂ 'ಹೋ, ಆರಾಮಾ' ಎಂದು ಮುಂದೆ ಹೋಗುವರು.

೩

(ಈ ಭಾಗ ಹರಿದು ಹಾಕಿದ್ದೇನೆ. ಅದರಲ್ಲಿ ಚದುರಂಗದ ಇತಿಹಾಸ ಇತ್ತು. ನಿಮ್ಮ ಪುಣ್ಯ.)

೪

ಸುಚಿತಾ ಬಿಳಿ, ದಾಸಣ್ಣ ಕಪ್ಪು.

ದಾಸಣ್ಣನಿಗೆ ಎಪ್ಪತ್ತು ದಾಟಿತ್ತು. ತಲೆ ಪೂರ್ತಿ ಬೆಳ್ಳಗೆ, ಕೈಯ ಉಗುರಿನ ಸಂದಿಯಲ್ಲಿ ಮಾತ್ರ ಹಳೇ ಸೈಕಲ್ ಗ್ರೀಸಿನ ಕಪ್ಪು. ನಗುತ್ತ ಬಂದು ಕೂತು ನೀರಿನ ಬಾಟ್ಲಿಯನ್ನು ಟೇಬಲ್ ಮೇಲಿಟ್ಟ.

"ಬಾಟ್ಲಿ ಕೆಳಗಿಡಿ. ನೀವು ಕೈ ತಾಗ್ಸಿ ಚೆಲ್ತ್ರಿ," ಎಂದಳು ಸುಚಿತಾ.

"ಎಂತ ತಂಗಿ, ನಾನು ಯಾವಾಗಿಂದ 'ನೀವು' ಆದೆ?"

ಅವಳು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನೂಕಿ ಗಡಿಯಾರ ಒತ್ತಿದಳು. ದಾಸಣ್ಣ ಒಂದೇ ಮನೆ ಇಡುತ್ತಾನೆ, ಜಗಲಿಯಿಂದ ಇಳಿದೇ ಇಲ್ಲದ ಮುದುಕ, ನನ್ನ ಆಪ್ ಇವನನ್ನು ನುಂಗಿ ನೀರು ಕುಡಿಯುತ್ತದೆ ಎಂದು ಅವಳ ಲೆಕ್ಕ. ದಾಸಣ್ಣ ಎರಡು ಮನೆ ನೂಕಿದ. ಅವಳು ಕುದುರೆ ತಂದಳು, ಅವನೂ ತಂದ. ಅವಳು ಒಂಟೆಯನ್ನು ಓರೆಯಾಗಿ ನಡುವಿಗೆ ತಂದು ನಿಲ್ಲಿಸಿದಳು, ಅವನೂ ನಿಲ್ಲಿಸಿದ. ಇಟಾಲಿಯನ್ ಓಪನಿಂಗ್. ಶತಮಾನಗಳಿಂದ ಜನ ಆಡುತ್ತ ಬಂದ ಶುದ್ಧ ಶಾಸ್ತ್ರೀಯ ಆರಂಭ, ತಪ್ಪಿಲ್ಲ, ತಡವರಿಕೆಯಿಲ್ಲ.

(ನನ್ನ ಕಥೆಗೆ ಒಂದು ಆರಂಭ ಸಿಗದೆ ನಾನು ಮೂರು ಸಲ ಒದ್ದಾಡಿದ್ದನ್ನು ನೀವು ನೋಡಿದಿರಿ. ಬೇಸಿನ್ನಿನ ಪಕ್ಕ ಕೂತ ಇವರಿಬ್ಬರಿಗೆ ಅದು ಎಷ್ಟು ಬೇಗ ಸಿಕ್ಕಿತು ನೋಡಿ. ಹೊಟ್ಟೆ ಉರಿಯಿತು.)

ಸುಚಿತಾಳಿಗೂ ಉರಿಯಿತು, ಬೇರೆ ಕಾರಣಕ್ಕೆ. ಇವನು ಇದನ್ನೆಲ್ಲ ಕಲಿತದ್ದು ಯಾವಾಗ? ಯಾರ ಜೊತೆ? ತಾನು ಹೋದ ಮೇಲೆ ಆ ಜಗಲಿಯಲ್ಲಿ ಇನ್ಯಾರೋ ಬಂದು ಕೂತಿದ್ದಾರೆ. ಇವನು ಆ ಹೊಸಬರ ಜೊತೆ ಹೊಸ ಆಟ ಆಡುತ್ತ ಸುಖವಾಗಿದ್ದ. ಅದೇ ಸಿಟ್ಟಿನಲ್ಲಿ ಅವಳು ಎಷ್ಟು ಚಂದ ಆಡಿದಳು ಅಂದರೆ, ಖಾಲಿ ಕುರ್ಚಿ ಗೆದ್ದ ನನಗೂ ಅರ್ಥವಾಯಿತು. ದಾಸಣ್ಣನ ರಾಜ ಇನ್ನೂ ತನ್ನ ಮನೆಯಲ್ಲೇ ನಡುಮಧ್ಯೆ ನಿಂತಿತ್ತು. ಅವಳ ಆನೆ ಅದೇ ಸಾಲಿಗೆ ಬಂತು, ಮಂತ್ರಿ ಬಂತು. ಇನ್ನೊಂದು ನಡೆ ಸಿಕ್ಕರೆ ಮುಗಿಯಿತು.

ಇಬ್ಬರಲ್ಲಿ ಒಬ್ಬರೂ ಅಲ್ಲಿಯತನಕ ಕೋಟೆ ಕಟ್ಟಿರಲಿಲ್ಲ. ನನಗೆ ಆಗಲೇ ಸಂಶಯ ಬರಬೇಕಿತ್ತು. ಬರಲಿಲ್ಲ, ನಾನು ಬನ್ಸ್ ತಿನ್ನುತ್ತಿದ್ದೆ.

೫

ದಾಸಣ್ಣನ ಗಡಿಯಾರ ಮುಗಿಯುತ್ತ ಬಂದಿತ್ತು. ಒಮ್ಮೆ ಮೂಗು ಒರೆಸಿಕೊಂಡ. ಕೈ ರಾಜನ ಮೇಲೆ ಹೋಯಿತು. ರಾಜನನ್ನು ಎತ್ತಿದ, ಎರಡು ಮನೆ ಆಚೆ, ಒಂದು ಮನೆ ಮುಂದೆ, ಕಾಲಾಳುಗಳ ನಡುವೆ ಬೆಚ್ಚಗೆ ಇಟ್ಟ. ಗಡಿಯಾರ ಒತ್ತಿದ.

ರಾಜ ಕುದುರೆಯ ಹಾಗೆ ಹಾರಿತ್ತು.

ತಮ್ಮ ಆಟ ಮುಗಿಸಿ ಬಂದು ಹಿಂದೆ ನಿಂತಿದ್ದವರಲ್ಲಿ ಒಬ್ಬರು "ಹೋಯ್" ಎಂದು ಬಾಯಿ ಮುಚ್ಚಿಕೊಂಡರು. ಸ್ಪರ್ಧೆಯ ಕಾನೂನು ಗೊತ್ತಿಲ್ಲದವರಿಗೆ ಹೇಳುತ್ತೇನೆ: ಅದು ಆಗದ ನಡೆ. ಸುಚಿತಾ ಗಡಿಯಾರ ನಿಲ್ಲಿಸಿ ಕೈ ಎತ್ತಿದರೆ ಸಾಕು. ತೀರ್ಪು ಕೊಡುವ ಆರ್ಬಿಟರ್ ಬಂದು ರಾಜನನ್ನು ವಾಪಸ್ಸು ಇಡಿಸುತ್ತಾರೆ, ಮುಟ್ಟಿದ್ದರಿಂದ ಅದೇ ರಾಜನನ್ನು ಸರಿಯಾಗಿ ನಡೆಸಬೇಕು, ಎಲ್ಲಿ ನಡೆಸಿದರೂ ಮುಂದಿನ ನಡೆಗೆ ಚೆಕ್‌ಮೇಟ್. ದಾಸಣ್ಣ ಸೋತ. ಅಷ್ಟು ವರ್ಷದ ಹಟ ತೀರಿತು.

ಆರ್ಬಿಟರ್ ಉದಯ, ಹೈಸ್ಕೂಲಿನ ಪಿ.ಇ. ಮಾಸ್ತರು, ಕೊರಳಲ್ಲಿ ಸೀಟಿ ತೂಗಿಸಿಕೊಂಡೇ ಚೆಸ್ ನಡೆಸುವವರು, ಆಗ ಅಡುಗೆಮನೆಯ ಬಾಗಿಲಲ್ಲಿ ಚಾಕ್ಕೆ ಕಾಯುತ್ತಿದ್ದರು.

ಮುಕ್ತಾಯ, ನಮೂನೆ ಅ

ಸುಚಿತಾ ಕೈ ಎತ್ತಿದಳು. ಗೆದ್ದಳು. ಕುಮಟೆಯ ಬಸ್ಸಿನ ಕಿಟಕಿಯಲ್ಲಿ ಕೂತು, ಗೆದ್ದೂ ಸೋತವಳಂತೆ ಬಿಕ್ಕಿ ಬಿಕ್ಕಿ...

"ನಾ ಬಸ್ಸಲ್ಲಿ ಅಳೂದಿಲ್ಲ," ಎಂದಳು ಸುಚಿತಾ, ನನ್ನ ವಾಕ್ಯ ಮುಗಿಯುವ ಮೊದಲೇ. "ಅರ್ಧ ಬಸ್ಸು ನನ್ನತ್ರ ರಕ್ತ ಕೊಟ್ಟವ್ರೇ ಇರ್ತ್ರು. ನಾಳೆ ಲ್ಯಾಬಿಗೆ ಬಂದು ಎಂತ ಆತು ಕೇಳ್ತ್ರು. ಅದ್ನ ಹೊಡ್ದಾಕಿ."

ಹೊಡೆದು ಹಾಕಿದೆ.

ಮುಕ್ತಾಯ, ನಮೂನೆ ಆ

ದಾಸಣ್ಣನಿಗೆ ಮರೆವಿನ ಕಾಯಿಲೆ. ಇತ್ತೀಚಿನದೆಲ್ಲ ಅಳಿಸಿಹೋಗಿ ಅಜ್ಜ ಕಲಿಸಿದ ಆಟವೊಂದೇ ಉಳಿದಿದೆ. ಎದುರಿಗೆ ಕೂತವಳು ಇನ್ನೂ ಶಾಲೆಯ ಹುಡುಗಿ ಎಂದೇ ಅವನು...

"ಏ ಮಾರಾಯಾ," ಎಂದು ದಾಸಣ್ಣ ನನ್ನ ಕಡೆ ತಿರುಗಿದ. "ನಿಂಗೆ ಮಳ್ಳಾ? ನಂಗೆ ಎಂತ ಕಾಯ್ಲೆನೂ ಇಲ್ಲ. ಗಡಿಯಾರ ನೋಡಿ ಗಡಿಬಿಡಿ ಆತು, ಕೈ ಹಳೇ ದಾರಿ ಹಿಡೀತು. ಕಾಯ್ಲೆ ಬೇಕಾರೆ ನಿನ್ನ ಕಥೆಗಾರಂಗೆ ಹಚ್ಚು."

"ಕಥೆಗಾರ ನಾನೇ, ದಾಸಣ್ಣ."

"ಮತ್ತೆ? ಅದ್ಕೇ ಹೇಳಿದ್ದು."

(ಜನರಿಗೆ ಮುದುಕರ ಕಾಯಿಲೆಯ ಕಥೆ ಇಷ್ಟ. ಈ ಒಂದು ಪ್ಯಾರಾಕ್ಕೆ ನಾನು ಸ್ಪರ್ಧೆಯೊಂದರ ಸಮಾಧಾನಕರ ಬಹುಮಾನ ಗಟ್ಟಿ ಮಾಡಿಕೊಂಡಿದ್ದೆ. ಹೋಯಿತು.)

೬

ಆದದ್ದು ಇಷ್ಟು.

ಸುಚಿತಾ ಹಾರಿದ ರಾಜನನ್ನು ನೋಡಿದಳು. ದಾಸಣ್ಣನ ಮುಖ ನೋಡಿದಳು. ಅವನ ಮುಖದಲ್ಲಿ ಕಳ್ಳತನ ಇರಲಿಲ್ಲ. ಕಾಲಾಳುಗಳ ನಡುವೆ ರಾಜನನ್ನು ಕೂರಿಸಿ ಬಂದ ನಿರಾಳ, ಅದೇ ಜಗಲಿಯ ಮುಖ. ಅವಳ ಬಲಗೈ ಗಡಿಯಾರದ ಕಡೆಗೆ ಹೋಗಬೇಕಿತ್ತು. ನಾನು ಅದನ್ನೇ ನೋಡುತ್ತಿದ್ದೆ.

ಕೈ ಮಣೆಯ ಮೇಲೆ ಹೋಯಿತು. ತನ್ನ ರಾಜನನ್ನು ಎತ್ತಿತು. ಎರಡು ಮನೆ ಆಚೆ, ಒಂದು ಮನೆ ಮುಂದೆ.

ಅವಳ ರಾಜನೂ ಹಾರಿತು.

ಈಗ "ಹೋಯ್" ಎನ್ನಲೂ ಯಾರಿಗೂ ಆಗಲಿಲ್ಲ. ದಾಸಣ್ಣ ಅವಳ ರಾಜನನ್ನು ನೋಡಿದ, ತನ್ನದನ್ನು ನೋಡಿದ, ಏನೋ ಎಡವಟ್ಟಾಗಿದೆ ಎಂದು ಆಗ ಹೊಳೆದು ಕಿವಿ ಕೆಂಪಾಯಿತು. ಸುಚಿತಾಳಿಗೂ ತನ್ನ ಕೈ ಮಾಡಿದ್ದು ಆಗಲೇ ಕಂಡದ್ದು. ಅಥವಾ ಮೊದಲೇ ಕಂಡಿತ್ತು. ನಾನು ಆಮೇಲೆ ಎರಡು ಸಲ ಕೇಳಿದೆ. ಒಂದು ಸಲ "ಕೈ ತನ್ನಷ್ಟಕ್ಕೆ ಹೋತು" ಎಂದಳು. ಇನ್ನೊಂದು ಸಲ "ಬೇಕಂತಲೇ ಮಾಡ್ದೆ, ನಿಮ್ಗೆಂತ?" ಎಂದಳು.

ಗುಂಪು ಕಂಡು ಉದಯ ಮಾಸ್ತರು ಚಾದ ಲೋಟ ಹಿಡಿದುಕೊಂಡೇ ಓಡಿ ಬಂದರು. "ಎಂತ ಆತು ಇಲ್ಲಿ?"

"ಎಂತ ಇಲ್ಲ ಮಾಸ್ತರೇ, ಆಟ," ಎಂದ ದಾಸಣ್ಣ.

ಮಾಸ್ತರು ಮಣೆ ನೋಡಿದರು. "ಈ ರಾಜ ಇಲ್ಲಿಗೆ ಹ್ಯಾಂಗೆ ಬಂತು?"

"ನಡ್ಕಂಡು," ಎಂದಳು ಸುಚಿತಾ.

"ಮತ್ತೆ ಆ ರಾಜ?"

"ಅದೂ ನಡ್ಕಂಡೇ ಬಂತು," ಎಂದ ದಾಸಣ್ಣ.

ಮಾಸ್ತರ ಕೈ ಅಭ್ಯಾಸಬಲದಿಂದ ಸೀಟಿಯ ಮೇಲೆ ಹೋಯಿತು. ಅದನ್ನು ಊದುವ ಮುಂಚೆ ದಾಸಣ್ಣ ಮಣೆಯ ಮೇಲಿಂದ ಕೈ ಚಾಚಿದ. "ಡ್ರಾ ಮಾಡುವನಾ, ತಂಗಿ?"

ಅವಳು ಮಣೆಯನ್ನು ನೋಡಿದಳು. ಗೆಲುವು ಅಲ್ಲಿತ್ತು, ಈಗಲೂ ಮಾಸ್ತರಿಗೆ ಒಂದು ಮಾತು ಹೇಳಿದರೆ ಅಲ್ಲೇ ಇತ್ತು. ಇಷ್ಟು ವರ್ಷ ಕಾದದ್ದು ಇದಕ್ಕಾ? ಕಾಲೇಜಿನಲ್ಲಿ, ಲ್ಯಾಬಿನಲ್ಲಿ, ನರೇಶ ಗೊರಕೆ ಹೊಡೆಯುವಾಗ ಪಕ್ಕದಲ್ಲಿ ಫೋನು ಹಿಡಿದುಕೊಂಡು, ಎಷ್ಟು ಸಲ ಈ ಮುದುಕನನ್ನು ಸೋಲಿಸಿಲ್ಲ ಅವಳು ಮನಸ್ಸಿನಲ್ಲೇ! ಅವಳಿಗೆ ನಿಜಕ್ಕೂ ಬೇಜಾರಾಯಿತು. ಬೇಜಾರಿನಲ್ಲೇ ಕೈ ಕೊಟ್ಟಳು.

"ಆತು," ಎಂದಳು.

ಮಾಸ್ತರು ಅರ್ಧ, ಅರ್ಧ ಎಂದು ಬರೆದುಕೊಂಡು ತಣ್ಣಗಾದ ಚಾ ಬೈಯುತ್ತ ಹೋದರು.

೭

ಕಥೆ ಇಲ್ಲೇ ನಿಲ್ಲಿಸಬಹುದಿತ್ತು. ನಿಲ್ಲಿಸಿಯೂ ಇದ್ದೆ. ಆದರೆ ಸುಚಿತಾ ಎದ್ದು ಚೀಲ ಹೆಗಲಿಗೆ ಹಾಕಿಕೊಂಡವಳು ಹೋಗದೆ ಅಲ್ಲೇ ನಿಂತಳು.

"ಆ ಶುಕ್ರವಾರ ಒಂದು ಸಲ ಕರೀಬೇಕಿತ್ತು ನೀವು."

ಯಾವ ಶುಕ್ರವಾರ ಎಂದು ದಾಸಣ್ಣ ಕೇಳಲಿಲ್ಲ. ಕಾಯಿಗಳನ್ನು ಒಂದೊಂದಾಗಿ ನಿಲ್ಲಿಸುತ್ತ ಕೂತ.

"ಹೌದು," ಎಂದ ಕೊನೆಗೆ. "ಕರೀಬೇಕಿತ್ತು. ನಿನ್ನವ್ವಿಗೆ ಹೆದರ್ದೆ."

"ನನ್ನವ್ವಿಗಾ?"

"ನಿನ್ನವ್ವಿಗೆ ಯಾರು ಹೆದ್ರೂದಿಲ್ಲ?"

ಅದು ನಿಜವೇ ಆಗಿತ್ತು. ಸುಚಿತಾಳಿಗೆ ನಗು ಬಂತು, ತಡೆದುಕೊಂಡಳು. ಇನ್ನೊಂದು ಕೇಳುವುದಿತ್ತು. "ಮತ್ತೆ ಈ ಇಟಾಲಿಯನ್ನು ಎಲ್ಲ ಯಾರ ಜೊತೆ ಕಲ್ತದ್ದು? ಜಗಲಿಗೆ ಯಾರು ಬರ್ತಿದ್ರು?"

"ಯಾರು ಬರ್ತ್ರು? ಮಗ ಒಂದು ಪುಸ್ತಕ ತಂದ್ಕೊಟ್ಟ. ಒಬ್ನೇ ಆಡ್ತಿದ್ದೆ. ಆ ಬದಿಗೊಮ್ಮೆ, ಈ ಬದಿಗೊಮ್ಮೆ ಕೂತ್ಕಂಡು. ಒಂದು ನನ್ನ ಬದಿ, ಒಂದು ನಿನ್ನ ಬದಿ."

(ಇಲ್ಲಿ ಹಿನ್ನೆಲೆಯಲ್ಲಿ ಒಂದು ಕೊಳಲು ಬೇಕಿತ್ತು. ಇದ್ದದ್ದು ಬೇಸಿನ್ನಿನಲ್ಲಿ ಯಾರೋ ಬಾಯಿ ಮುಕ್ಕಳಿಸುವ ಸದ್ದು. ಇನ್ನೊಂದು ಆಸೆಯನ್ನೂ ಹೇಳಿಬಿಡುತ್ತೇನೆ: ದಾಸಣ್ಣ ಜೇಬಿನಿಂದ ಆ ಸೈಕಲ್ ನಟ್ಟನ್ನು ತೆಗೆದು ಕುದುರೆಯ ಜಾಗದಲ್ಲಿ ಇಡಬೇಕು ಎಂದು ನಾನು ಬರೆದಿದ್ದೆ. ಅವನನ್ನೇ ಕೇಳಿದೆ. "ಅದೆಲ್ಲಿ ಹೋತೋ! ನಿಂಗೆ ಬೇಕಾರೆ ಅಂಗಡೀಲಿ ಡಬ್ಬಿಗಟ್ಲೆ ಇತ್ತು, ಬಂದು ತಗಂಡು ಹೋಗು" ಎಂದ.)

ಸುಚಿತಾ ಹೆಗಲಿನ ಚೀಲ ಸರಿಮಾಡಿಕೊಂಡು ಕೇಳಿದಳು, "ನನ್ನ ಬದಿ ಎಷ್ಟು ಸಲ ಗೆದ್ತು?"

"ಒಂದು ಸಲನೂ ಇಲ್ಲ. ಸುಳ್ಳು ಎಂತಕೆ ಹೇಳ್ಲಿ?"

ಈಗ ಅವಳು ತಡೆದುಕೊಳ್ಳಲಿಲ್ಲ. ನಕ್ಕಳು, ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಬಸ್ಸಲ್ಲಿ ಅಳುವುದಿಲ್ಲ ಎಂದವಳು, ಬೇಸಿನ್ನಿನ ಪಕ್ಕದ ಬಗ್ಗೆ ಏನೂ ಹೇಳಿರಲಿಲ್ಲವಲ್ಲ. ವೇದಿಕೆಯ ಮೇಲೆ ವಿಘ್ನೇಶ್ವರನ ಅಕ್ಷರಗಳನ್ನು ಕೀಳುತ್ತಿದ್ದವನು ಏಣಿಯ ಮೇಲಿಂದ ತಿರುಗಿ ನೋಡಿದ.

"ಬಾರೇ ತಂಗಿ," ಎಂದ ದಾಸಣ್ಣ. "ಇನ್ನೊಂದು ಆಟ."

ಅವಳು ಚೀಲ ಇಳಿಸಿದಳು. ಕುರ್ಚಿ ಎಳೆಯಲಿಲ್ಲ. ಅವನ ಬದಿಗೆ ಹೋಗಿ ನಿಂತಳು.

"ಏಳು."

"ಎಂತಕೆ?"

"ಆಚೆ ಹೋಗು, ದಾಸಣ್ಣ. ಆ ಬದಿ ನೀನು ಕೂತ್ಕ. ಇವತ್ತು ಈ ಬದಿ ನಂದು."

ದಾಸಣ್ಣ ಗೊಣಗುತ್ತ ಮೊಣಕಾಲು ಹಿಡಿದುಕೊಂಡು ಎದ್ದ, ಒಂದೂ ಗೆದ್ದಿರದ ಬದಿಗೆ ಹೋಗಿ ಕೂತ. ಗಡಿಯಾರವನ್ನು ಮಾಸ್ತರು ತೆಗೆದುಕೊಂಡು ಹೋಗಿಯಾಗಿತ್ತು. ಯಾವ ಕಾನೂನು ಎಂದು ಇಬ್ಬರೂ ಮಾತಾಡಿಕೊಳ್ಳಲಿಲ್ಲ. ಹಾಲ್ ಖಾಲಿ ಮಾಡುವವರು ನಮ್ಮ ಕಡೆಗೇ ಕುರ್ಚಿ ಪೇರಿಸುತ್ತ ಬರುತ್ತಿದ್ದರು.

ನಾನು ಕುತ್ತಿಗೆ ಚಾಚಿದೆ. ನನಗೆ ಬೇಕಾದದ್ದು ಒಂದೇ, ದಾಸಣ್ಣನ ಮೊದಲ ಕಾಲಾಳು ಒಂದು ಮನೆ ಹೋಗುತ್ತದೋ ಎರಡೋ. ಅಷ್ಟು ತಿಳಿದರೆ ಕಥೆಗೆ ಒಂದು ಮರ್ಯಾದಸ್ಥ ಕೊನೆ. ಅವನ ಬೆರಳು ಕಾಲಾಳಿನ ಮೇಲೆ ಬಂತು. ಅದೇ ಹೊತ್ತಿಗೆ ಆಳೆತ್ತರದ ಕುರ್ಚಿಗಳ ಪೇರಿಯೊಂದು ನನ್ನ ಕಣ್ಣಿಗೆ ಅಡ್ಡ ಬಂತು. ಕೊನೆ ಸಿಗದೆ ಕುರ್ಚಿಗಳನ್ನು ನಾನೇ ತಂದು ಅಡ್ಡ ಇಟ್ಟೆ ಎಂದು ನೀವು ಹೇಳಬಹುದು. ಹೇಳಿ, ಅಡ್ಡಿಲ್ಲ. ಖಾಲಿ ಕುರ್ಚಿಗಳ ಜೊತೆ ನನ್ನದು ಹಳೇ ಸಂಬಂಧ.

ಆಚೆಯಿಂದ ಸುಚಿತಾಳ ದನಿ ಮಾತ್ರ ಕೇಳಿತು.

"ಹಾಂ, ಹಾಂ, ಮುಟ್ಟಿದ್ದೆ ಅಲ್ದಾ ನೀನು? ಇನ್ನು ಬಿಡೂ ಹಂಗಿಲ್ಲ ದಾಸಣ್ಣ, ನಡೆ."